ಆರಿಸದ ರಿಸೀವರ್ ಮೇಲೆ ಹೊರಿಸಿದ ಸೋಲುಗಳು

ಅಮೆರಿಕನ್ ಫುಟ್ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡದ ಅಭಿಮಾನಿಗಳಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. 2019, 2020 ಮತ್ತು 2021ರ ಮೂರು ಋತುಗಳಲ್ಲಿ ತಂಡ 39 ಪಂದ್ಯ ಗೆದ್ದಿತು. ಆರನ್ ರಾಜರ್ಸ್‌ರಂಥ ಅಪರೂಪದ ಕ್ವಾರ್ಟರ್‌ಬ್ಯಾಕ್ ತಂಡದಲ್ಲಿದ್ದರು. 2020 ಮತ್ತು 2021ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಆದರೂ ತಂಡ ಒಮ್ಮೆಯೂ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಮುಟ್ಟಲಿಲ್ಲ. ಇದಕ್ಕೆ ಅಭಿಮಾನಿಗಳು ಕೊಡುವ ಕಾರಣ ಎರಡು. ರಾಜರ್ಸ್ ಎಸೆದ ಚೆಂಡನ್ನು ಹಿಡಿಯಲು ದವಾಂಟೆ ಆಡಮ್ಸ್ ಬಿಟ್ಟರೆ ಇನ್ನೊಬ್ಬ ಸಮರ್ಥ ರಿಸೀವರ್‌ನನ್ನು ಆಡಳಿತ ತಂದುಕೊಡಲಿಲ್ಲ, ಅದರಲ್ಲೂ 2020ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಸಿಕ್ಕ ಅವಕಾಶವನ್ನು ಹಾಳುಮಾಡಿತು ಎಂಬುದು ಒಂದು. ನಿರ್ಣಾಯಕ ಗಳಿಗೆಯಲ್ಲಿ ಕೋಚ್ ಮ್ಯಾಟ್ ಲಾಫ್ಲೋರ್ ಧೈರ್ಯ ಮಾಡದೆ ಮೂರು ಅಂಕಕ್ಕೆ ಕೈಚಾಚಿದರು ಎಂಬುದು ಇನ್ನೊಂದು. ಈ ಎರಡು ಬೇರೆಯಾಗಿದ್ದರೆ ಕಪ್ ನಮ್ಮದಾಗಿರುತ್ತಿತ್ತು ಎಂಬುದು ಅವರ ತೀರ್ಮಾನ.

ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದು ಲಕ್ಷದಷ್ಟು ಜನರಿರುವ ಗ್ರೀನ್ ಬೇ ಊರಿನ ಈ ತಂಡಕ್ಕೆ ಒಬ್ಬ ಮಾಲೀಕನಿಲ್ಲ. ಐದು ಲಕ್ಷಕ್ಕೂ ಹೆಚ್ಚು ಜನ ಷೇರು ಹಿಡಿದಿದ್ದಾರೆ. ಲಾಭಾಂಶ ಬರುವುದಿಲ್ಲ, ಲಾಭಕ್ಕೆ ಮಾರುವಂತೆಯೂ ಇಲ್ಲ. ತಂಡ ಉಳಿಯಲೆಂದೇ ಹಣ ಕೊಟ್ಟವರು ಅವರು. ಇಂಥವರು ಆಡಳಿತವನ್ನು ಪ್ರಶ್ನಿಸುವುದು ಸಹಜ, ನ್ಯಾಯವೂ ಹೌದು. ನನ್ನ ತಕರಾರು ಅವರು ಪ್ರಶ್ನಿಸುವುದರ ಬಗ್ಗೆ ಅಲ್ಲ, ಪ್ರಶ್ನೆಗೆ ಉತ್ತರ ಹುಡುಕುವ ರೀತಿಯ ಬಗ್ಗೆ. ನಡೆದುಹೋದ ಆಯ್ಕೆಯನ್ನು ಅದರ ಕೆಟ್ಟ ಫಲದೊಂದಿಗೆ ತೂಗಿ, ನಡೆಯದ ಆಯ್ಕೆಯನ್ನು ಅದರ ಅತ್ಯುತ್ತಮ ಫಲದೊಂದಿಗೆ ತೂಗುವುದು ಈ ನಂಬಿಕೆಯ ಮೂಲದಲ್ಲಿರುವ ಗೊಂದಲ. ರಿಸೀವರ್ ವಿಷಯದಲ್ಲೂ ಕೋಚ್ ವಿಷಯದಲ್ಲೂ ತಪ್ಪು ಇದೊಂದೇ.

ಆಟ ಪರಿಚಯವಿಲ್ಲದವರಿಗೆ ವಾದಕ್ಕೆ ಬೇಕಾದಷ್ಟು ಹೇಳುತ್ತೇನೆ. ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯುತ್ತಾನೆ, ಓಡಿ ಜಾಗ ಮಾಡಿಕೊಂಡು ಅದನ್ನು ಹಿಡಿಯುವವನು ರಿಸೀವರ್. ಚೆಂಡು ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಅಂದರೆ ಆರು ಅಂಕ. ಅದರ ಜೊತೆಗೆ ಒದ್ದು ಒಂದು ಅಂಕವನ್ನೋ, ಮತ್ತೊಮ್ಮೆ ಗೆರೆ ದಾಟಿ ಎರಡು ಅಂಕವನ್ನೋ ಗಳಿಸಬಹುದು. ಗೆರೆ ದಾಟಲಾಗದಿದ್ದರೆ ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆಯಬಹುದು; ಇದು ಫೀಲ್ಡ್ ಗೋಲ್. ಕಾಲೇಜು ಆಟಗಾರರು ಲೀಗಿಗೆ ಬರುವುದು ಡ್ರಾಫ್ಟ್ ಮೂಲಕ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಹಣ ಏರಿಸಿ ಕೂಗುವಂತಿಲ್ಲ. 32 ತಂಡಗಳು ಸರದಿಯಂತೆ ಏಳು ಸುತ್ತು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಗಳಿಗೆ ಕೊನೆಯ ಸರದಿ. ಮುಂಚಿನ ಸರದಿ ಬೇಕೆಂದರೆ ಬೇರೆ ತಂಡಕ್ಕೆ ಬೆಲೆ ತೆರಬೇಕು.

2020ರ ಏಪ್ರಿಲ್‌ನಲ್ಲಿ ಪ್ಯಾಕರ್ಸ್ ಸರದಿ 30ನೆಯದು. ಜನರಲ್ ಮ್ಯಾನೇಜರ್ ಬ್ರಯಾನ್ ಗುಟೆಕುನ್ಸ್ಟ್ ನಾಲ್ಕನೇ ಸುತ್ತಿನ ಒಂದು ಆಯ್ಕೆಯನ್ನು ಬಿಟ್ಟುಕೊಟ್ಟು 26ನೇ ಸ್ಥಾನಕ್ಕೆ ಏರಿದರು. ರಿಸೀವರ್‌ಗಾಗಿಯೇ ಏರಿದ್ದಾರೆ ಎಂದು ಅಭಿಮಾನಿಗಳು ಕಾದರು. ಬಂದದ್ದು ಜೋರ್ಡನ್ ಲವ್ ಎಂಬ ಕ್ವಾರ್ಟರ್‌ಬ್ಯಾಕ್ ಹೆಸರು. ರಾಜರ್ಸ್‌ಗೆ ಆಗ 36 ವರ್ಷ. ಆ ವರ್ಷ ರಿಸೀವರ್‌ಗಳ ಬೆಳೆ ಸಮೃದ್ಧವಾಗಿತ್ತು ಎಂಬುದು ನಿಜ. ಆದರೆ ಆ ಸಮೃದ್ಧಿ 26ನೇ ಸರದಿಯ ಹೊತ್ತಿಗೆ ಎಷ್ಟು ಉಳಿದಿತ್ತು? ಹೆನ್ರಿ ರಗ್ಸ್ 12ನೆಯವರಾಗಿ, ಜೆರ್ರಿ ಜ್ಯೂಡಿ 15, ಸೀಡೀ ಲ್ಯಾಂಬ್ 17, ಜೇಲನ್ ರೇಗರ್ 21, ಜಸ್ಟಿನ್ ಜೆಫರ್ಸನ್ 22, ಬ್ರ್ಯಾಂಡನ್ ಐಯೂಕ್ 25ನೆಯವರಾಗಿ ಹೋಗಿಯಾಗಿತ್ತು. ಆರು ಮಂದಿ ಅದಾಗಲೇ ಬೇರೆ ತಂಡಗಳ ಪಾಲಾಗಿದ್ದರು. ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಜೆಫರ್ಸನ್ ಹೆಸರು ಪ್ಯಾಕರ್ಸ್ ಸರದಿ ಬಂದಾಗ ಪಟ್ಟಿಯಲ್ಲೇ ಇರಲಿಲ್ಲ. ಅವರು ಬೇಕಿದ್ದರೆ 22ಕ್ಕಿಂತ ಮೇಲೇರಬೇಕಿತ್ತು, ಅದರ ಬೆಲೆ ನಾಲ್ಕು ಸ್ಥಾನ ಏರುವ ಬೆಲೆಗಿಂತ ಬಹಳ ಹೆಚ್ಚು.

ಇನ್ನೂ ಮುಖ್ಯವಾದ ಸಂಗತಿ 21 ಮತ್ತು 22ನೇ ಆಯ್ಕೆಗಳಲ್ಲಿದೆ. ಫಿಲಡೆಲ್ಫಿಯಾ ಈಗಲ್ಸ್ ತಂಡಕ್ಕೂ ರಿಸೀವರ್ ಬೇಕಿತ್ತು. ಆ ಗಳಿಗೆಯಲ್ಲಿ ರೇಗರ್, ಜೆಫರ್ಸನ್ ಇಬ್ಬರೂ ಲಭ್ಯವಿದ್ದರು. ಅವರು ರೇಗರ್‌ರನ್ನು ಆರಿಸಿದರು; ಮರುಗಳಿಗೆ ಮಿನ್ನೆಸೋಟ ವೈಕಿಂಗ್ಸ್ ಜೆಫರ್ಸನ್‌ರನ್ನು ಎತ್ತಿಕೊಂಡಿತು. ಮೊದಲ ಋತುವಿನಲ್ಲಿ ಜೆಫರ್ಸನ್ ಗಳಿಸಿದ್ದು 1,400 ಗಜ, ರೇಗರ್ ಗಳಿಸಿದ್ದು 396. ಎರಡೇ ವರ್ಷಕ್ಕೆ ಈಗಲ್ಸ್ ರೇಗರ್‌ರನ್ನು ಬಿಟ್ಟುಕೊಟ್ಟಿತು. ಮೊದಲ ಸುತ್ತಿನಲ್ಲಿ ರಿಸೀವರ್ ತೆಗೆದುಕೊಳ್ಳಬೇಕು ಎಂಬ ನಿಯಮವನ್ನು ಈಗಲ್ಸ್ ಚಾಚೂತಪ್ಪದೆ ಪಾಲಿಸಿತ್ತು. ಪಾಲಿಸಿದ ಮಾತ್ರಕ್ಕೆ ರೇಗರ್ ಸಿಗುತ್ತಾರೋ ಜೆಫರ್ಸನ್ ಸಿಗುತ್ತಾರೋ ಎಂಬುದನ್ನು ಆ ನಿಯಮ ಹೇಳುವುದಿಲ್ಲ. ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕೊಡುತ್ತಿತ್ತು ಎನ್ನುವ ಹಾಗೆ, ನಾವು ಆರಿಸದ ರಿಸೀವರ್ ಯಾವಾಗಲೂ ಜೆಫರ್ಸನ್ ಆಗಿರುತ್ತಾರೆ, ಎಂದೂ ರೇಗರ್ ಆಗಿರುವುದಿಲ್ಲ. ಲವ್ ಬದಲು ಜೆಫರ್ಸನ್ ಎಂದು ತೂಗುವುದು ಸರಿಯಾದ ತೂಕವಲ್ಲ. ಲವ್ ಬದಲು, ಜೆಫರ್ಸನ್‌ನಿಂದ ರೇಗರ್‌ವರೆಗೆ ಯಾರಾದರೂ ಆಗಬಹುದಾಗಿದ್ದ ಒಬ್ಬ ಅಪರಿಚಿತ ಯುವಕ ಎಂದು ತೂಗಬೇಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. 26ನೇ ಸರದಿಯಲ್ಲಿ ಟೀ ಹಿಗಿನ್ಸ್ ಇದ್ದರಲ್ಲ? ಅವರು 33ನೆಯವರಾಗಿ ಸಿನ್ಸಿನಾಟಿ ಬೆಂಗಾಲ್ಸ್‌ಗೆ ಹೋಗಿ ಮೊದಲ ವರ್ಷವೇ 900 ಗಜ ದಾಟಿದರು. ಹೌದು, ಇದ್ದರು, ಮತ್ತು ಈ ಆಕ್ಷೇಪ ಜೆಫರ್ಸನ್ ಕುರಿತ ಹಳಹಳಿಕೆಗಿಂತ ಎಷ್ಟೋ ಮೇಲು. ಆದರೆ ಹಿಗಿನ್ಸ್ ಆಚೆಗೆ ಅದೇ ಎರಡನೇ ಸುತ್ತಿನಲ್ಲಿ ಕೆ.ಜೆ. ಹ್ಯಾಮ್ಲರ್, ಡೆನ್ಜೆಲ್ ಮಿಮ್ಸ್ ಕೂಡ ಇದ್ದರು. ಅವರಿಬ್ಬರೂ ನೆಲೆ ಕಾಣಲಿಲ್ಲ. ಐದು ವರ್ಷದ ನಂತರ ಕುಳಿತು ಹಿಗಿನ್ಸ್ ಹೆಸರನ್ನಷ್ಟೇ ಹೆಕ್ಕಿಕೊಳ್ಳುವುದು ಸುಲಭ. ಪ್ಯಾಕರ್ಸ್‌ನ ಸ್ವಂತ ಚರಿತ್ರೆಯೂ ಇದನ್ನೇ ಹೇಳುತ್ತದೆ. 2018ರಲ್ಲಿ ಅವರು ಮೂವರು ರಿಸೀವರ್‌ಗಳನ್ನು ಆರಿಸಿದ್ದರು: ನಾಲ್ಕನೇ ಸುತ್ತಿನಲ್ಲಿ ಜೇಮಾನ್ ಮೂರ್, ಐದನೆಯದರಲ್ಲಿ ಮಾರ್ಕೆಸ್ ವಾಲ್ಡೆಸ್-ಸ್ಕ್ಯಾಂಟ್ಲಿಂಗ್, ಆರನೆಯದರಲ್ಲಿ ಈಕ್ವನಿಮಿಯಸ್ ಸೇಂಟ್ ಬ್ರೌನ್. ಮೊದಲು ಆರಿಸಿದ ಮೂರ್ ಮೊದಲು ಹೊರಬಿದ್ದರು, ಐದನೇ ಸುತ್ತಿನವರು ಹೆಚ್ಚು ಉಪಯೋಗಕ್ಕೆ ಬಂದರು. ಅದಕ್ಕೂ ಹಿಂದೆ ಈ ತಂಡದಲ್ಲಿ ಮಿಂಚಿದ ರಿಸೀವರ್‌ಗಳಲ್ಲಿ ಡಾನಲ್ಡ್ ಡ್ರೈವರ್ ಏಳನೇ ಸುತ್ತಿನಲ್ಲಿ ಬಂದವರು. ಗ್ರೆಗ್ ಜೆನ್ನಿಂಗ್ಸ್, ಜೋರ್ಡಿ ನೆಲ್ಸನ್, ರ್‍ಯಾಂಡಲ್ ಕಾಬ್ ಎರಡನೇ ಸುತ್ತಿನವರು. ದವಾಂಟೆ ಆಡಮ್ಸ್ ಕೂಡ 2014ರ ಎರಡನೇ ಸುತ್ತಿನ 53ನೇ ಆಯ್ಕೆ. 2002ರಲ್ಲಿ ಜವಾನ್ ವಾಕರ್‌ರನ್ನು ಆರಿಸಿದ ಮೇಲೆ 2025ರಲ್ಲಿ ಮ್ಯಾಥ್ಯೂ ಗೋಲ್ಡನ್‌ರವರೆಗೆ ಈ ತಂಡ ಮೊದಲ ಸುತ್ತಿನಲ್ಲಿ ರಿಸೀವರ್‌ನನ್ನು ಆರಿಸಲೇ ಇಲ್ಲ. ಆ ನಡುವೆಯೇ ಲೀಗಿನ ಅತ್ಯುತ್ತಮ ರಿಸೀವರ್ ಪಡೆಗಳಲ್ಲೊಂದು ಇಲ್ಲಿ ಬೆಳೆದು 2010ರ ಋತುವಿನ ಸೂಪರ್ ಬೌಲ್ ಗೆದ್ದಿತು.

ಹಾಗಾದರೆ ಆಡಳಿತ ನಿರ್ದೋಷಿಯೇ? ಅಲ್ಲ. ಅಭಿಮಾನಿಗಳು ಮೊದಲ ಸುತ್ತಿನ ಮೇಲೆಯೇ ಕಣ್ಣು ನೆಟ್ಟದ್ದರಿಂದ ನಿಜವಾದ ತಪ್ಪು ಅವರ ಕೈತಪ್ಪಿ ಹೋಗಿದೆ. 2019ರಲ್ಲಿ ಪ್ಯಾಕರ್ಸ್ ಯಾವ ಸುತ್ತಿನಲ್ಲೂ ಒಬ್ಬ ರಿಸೀವರ್‌ನನ್ನೂ ಆರಿಸಲಿಲ್ಲ. 2020ರಲ್ಲಿಯೂ ಇಲ್ಲ. ಯಾವ ಯುವಕ ಬೆಳೆಯುತ್ತಾನೆ, ಯಾವನು ಬೆಳೆಯುವುದಿಲ್ಲ ಎಂಬುದು ಮೊದಲೇ ಗೊತ್ತಾಗದ ಕೆಲಸದಲ್ಲಿ ಪ್ರತಿ ವರ್ಷ ಒಂದೋ ಎರಡೋ ಯತ್ನ ಮಾಡುತ್ತಲೇ ಇರುವುದು ವಿವೇಕ. ಹಿಂದಿನ ದಶಕದಲ್ಲಿ ತಂಡ ಬಹುಮಟ್ಟಿಗೆ ಅದನ್ನೇ ಮಾಡಿಕೊಂಡು ಬಂದಿತ್ತು. ಸತತ ಎರಡು ವರ್ಷ ಆ ಅಭ್ಯಾಸವನ್ನು ಕೈಬಿಟ್ಟದ್ದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ. 2020ರಲ್ಲಿ ರಿಸೀವರ್ ಡೆವಿನ್ ಫಂಚೆಸ್‌ರನ್ನು ಒಂದು ವರ್ಷದ ಒಪ್ಪಂದದ ಮೇಲೆ ತಂದಿದ್ದರು, ಕೋವಿಡ್ ಕಾರಣದಿಂದ ಅವರು ಆ ಋತುವಿನಿಂದ ಹಿಂದೆ ಸರಿದರು ಎಂಬುದನ್ನೂ ಹೇಳಬೇಕು. ಆದರೂ ಒಬ್ಬರ ಮೇಲೆ ಭಾರ ಹಾಕಿದ್ದು ತಂಡದ್ದೇ ತೀರ್ಮಾನ. ಈ ಟೀಕೆ ಫಲಿತಾಂಶವನ್ನು ನೋಡಿ ಹುಟ್ಟಿದ್ದಲ್ಲ, 2020ರ ಏಪ್ರಿಲ್‌ನಲ್ಲೇ ಮಾಡಬಹುದಾಗಿತ್ತು. ಅದಕ್ಕೇ ಇದಕ್ಕೆ ಬಲವಿದೆ.

ಇಷ್ಟಾದ ಮೇಲೆ ಕೇಳಬೇಕಾದದ್ದು, ಆ ಸೋಲುಗಳಿಗೆ ರಿಸೀವರ್ ಕೊರತೆಯೇ ಕಾರಣವೇ ಎಂದು. 2020ರ ಋತುವಿನಲ್ಲಿ ಪ್ಯಾಕರ್ಸ್ 16 ಪಂದ್ಯಗಳಲ್ಲಿ 509 ಅಂಕ ಗಳಿಸಿತು. ಇಡೀ ಲೀಗಿನಲ್ಲಿ ಅದೇ ಅತಿ ಹೆಚ್ಚು. ಆಡಮ್ಸ್ ಒಬ್ಬರೇ 18 ಟಚ್‌ಡೌನ್ ಹಿಡಿದರು. ಆ ಮೂರು ಋತುಗಳನ್ನು ಕೊನೆಗಾಣಿಸಿದ ಮೂರು ಪ್ಲೇಆಫ್ (ನಾಕೌಟ್) ಸೋಲುಗಳನ್ನು ಒಂದೊಂದಾಗಿ ನೋಡಿ; ಎರಡನೆಯದಾದ ಟಾಂಪಾ ಬೇ ಸೋಲಿನ ವಿವರ ಮುಂದೆ ಬರುತ್ತದೆ. 2020ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ 37-20ರಿಂದ ಗೆದ್ದಾಗ ಅವರ ರಹೀಮ್ ಮಾಸ್ಟರ್ಟ್ ಚೆಂಡು ಹಿಡಿದು ಓಡಿಯೇ 220 ಗಜ, ನಾಲ್ಕು ಟಚ್‌ಡೌನ್ ಗಳಿಸಿದರು. ಅವರ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯದಲ್ಲಿ ಎಸೆಯಲು ಹೋದದ್ದು ಎಂಟೇ ಬಾರಿ. ಓಟವನ್ನು ತಡೆಯಲಾಗದ ರಕ್ಷಣೆ ಅಲ್ಲಿ ಸೋತದ್ದು. 2022ರ ಜನವರಿಯಲ್ಲಿ ಅದೇ ತಂಡಕ್ಕೆ 13-10ರಿಂದ ಸೋತಾಗ ಪ್ಯಾಕರ್ಸ್‌ನ ಒಂದು ಫೀಲ್ಡ್ ಗೋಲ್ ಒದೆತ ಎದುರಾಳಿಯ ಕೈಗೆ ಬಡಿದು ಬಿತ್ತು. ಕೊನೆಯ ಹಂತದಲ್ಲಿ, ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸುವ ಪಂಟ್ ಒದೆತಕ್ಕೂ ಅದೇ ಗತಿಯಾಯಿತು, ಅದನ್ನು ಎತ್ತಿಕೊಂಡು ಅವರು ಟಚ್‌ಡೌನ್ ಮಾಡಿದರು. ಅಲ್ಲಿ ಸೋತದ್ದು ಒದೆಯುವ ಹೊತ್ತಿನ ವಿಶೇಷ ಪಡೆ.

ಆದರೆ ಈ ಮೂರನೇ ಪಂದ್ಯದಲ್ಲಿ ಅಭಿಮಾನಿಗಳ ಪರವಾದ ಒಂದು ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡಬಾರದು. ರಾಜರ್ಸ್ ಪೂರ್ಣಗೊಳಿಸಿದ 20 ಎಸೆತಗಳಲ್ಲಿ 18ನ್ನು ಹಿಡಿದವರು ಇಬ್ಬರೇ: ಆಡಮ್ಸ್ ಮತ್ತು ಓಟಗಾರ ಆರನ್ ಜೋನ್ಸ್. ಉಳಿದ ರಿಸೀವರ್‌ಗಳು ಇದ್ದೂ ಇಲ್ಲದಂತೆ ಇದ್ದರು. 2021ರ ಟಾಂಪಾ ಬೇ ಪಂದ್ಯದಲ್ಲೂ ಹಾಗೆಯೇ: ಟಚ್‌ಡೌನ್ ನಂತರದ ಎರಡು ಅಂಕದ ಯತ್ನದಲ್ಲಿ ಚೆಂಡು ಸೇಂಟ್ ಬ್ರೌನ್ ಕೈಗೆ ಬಂದು ಜಾರಿತು. ಆಡಮ್ಸ್ ಹಿಂದೆ ಆಳವಿರಲಿಲ್ಲ ಎಂಬ ಮಾತು ಸತ್ಯ. ಆ ಸತ್ಯ ಮೂರು ಸೋಲುಗಳ ಹಲವು ಕಾರಣಗಳಲ್ಲಿ ಒಂದು. ಅದನ್ನೇ ಏಕೈಕ ಕಾರಣವಾಗಿಸಿದವರು 220 ಗಜದ ಓಟವನ್ನು ಮರೆಯಬೇಕಾಗುತ್ತದೆ. ಹೀಗೆ ಮರೆಯುವುದು ಏಕೆ ಸುಲಭವೆಂದೂ ಊಹಿಸಬಹುದು: ಡ್ರಾಫ್ಟ್ ಆಯ್ಕೆಗೆ ಒಂದು ಹೆಸರಿದೆ, ಒಂದು ದಿನಾಂಕವಿದೆ, ಬೆರಳು ತೋರಿಸಲು ಒಬ್ಬ ವ್ಯಕ್ತಿಯಿದ್ದಾರೆ. ರಕ್ಷಣೆಯ ಸೋಲು ಹನ್ನೊಂದು ಜನರಲ್ಲಿ ಹಂಚಿಹೋಗುತ್ತದೆ.

ಈ ಗೊಂದಲ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. 2022ರ ಮಾರ್ಚ್‌ನಲ್ಲಿ ಆಡಮ್ಸ್‌ರನ್ನು ಲಾಸ್ ವೇಗಸ್ ರೇಡರ್ಸ್‌ಗೆ ಕೊಟ್ಟರು. ಮುಂದಿನ ಋತುವಿನಲ್ಲಿ ತಂಡ ಎಂಟು ಗೆದ್ದು ಒಂಬತ್ತು ಸೋತಿತು. 2023ರಲ್ಲಿ ರಾಜರ್ಸ್ ನ್ಯೂಯಾರ್ಕ್ ಜೆಟ್ಸ್‌ಗೆ ಹೋದರು, ಲವ್ 32 ಟಚ್‌ಡೌನ್ ಎಸೆದರು. ಎರಡನೇ ಸುತ್ತು ಮತ್ತು ಅದರ ಕೆಳಗಿನಿಂದ ಬಂದ ಕ್ರಿಶ್ಚಿಯನ್ ವಾಟ್ಸನ್, ಜೇಡನ್ ರೀಡ್, ರೋಮಿಯೊ ಡೌಬ್ಸ್ ಮುಂತಾದ ಹುಡುಗರೇ ಚೆಂಡು ಹಿಡಿದರು. ಪ್ಲೇಆಫ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಅದರ ಅಂಗಳದಲ್ಲೇ 48-32ರಿಂದ ಮಣಿಸಿದರು. ಈಗ ಹಲವರು, ನೋಡಿ, 2020ರ ಆಯ್ಕೆ ಸರಿಯೇ ಆಗಿತ್ತು ಎನ್ನುತ್ತಾರೆ. ಇದೂ ತಪ್ಪು ತರ್ಕವೇ. ಲವ್ ಬೆಳೆಯಬಹುದಾಗಿತ್ತು, ಬೆಳೆಯದೆ ಇರಲೂಬಹುದಾಗಿತ್ತು. 2020ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾಜರ್ಸ್ ಮುಂದಿನ ಎರಡು ವರ್ಷ ಪ್ರಶಸ್ತಿ ಗೆಲ್ಲುತ್ತಾರೆಂಬುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ಮುಖ್ಯ ಆಟಗಾರನಿಗೆ 36 ವರ್ಷ, ಹೋದ ಋತುವಿನಲ್ಲಿ ಪ್ರಶಸ್ತಿಯ ಮಟ್ಟದ ಆಟವಿಲ್ಲ, ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ ವರ್ಷಗಟ್ಟಲೆ ಪರದಾಡುತ್ತದೆ. ಇವುಗಳ ಮೇಲೆ ಆ ಆಯ್ಕೆ ಸಮರ್ಥನೀಯ. ಅದೇ ಹೊತ್ತಿಗೆ ಅದು ಗೆಲ್ಲುವ ಹೊಸ್ತಿಲಲ್ಲಿದ್ದ ತಂಡಕ್ಕೆ ತಕ್ಷಣದ ನೆರವನ್ನು ತಪ್ಪಿಸಿತು. ಎರಡೂ ನಿಜ. ಎರಡರಲ್ಲಿ ಯಾವುದು ಹೆಚ್ಚು ತೂಗಬೇಕೆಂಬುದು ವಾದಕ್ಕೆ ಯೋಗ್ಯ ಪ್ರಶ್ನೆ. 2023ರ ಅಂಕಪಟ್ಟಿ ಅದಕ್ಕೆ ಉತ್ತರವಲ್ಲ.

ಇನ್ನು ಕೋಚ್ ವಿಷಯ. 2021ರ ಜನವರಿ 24, ಟಾಂಪಾ ಬೇ ಬಕನೀರ್ಸ್ ವಿರುದ್ಧದ ಪಂದ್ಯ. ಪ್ಯಾಕರ್ಸ್ 23-31ರಿಂದ ಹಿಂದಿತ್ತು. ಉಳಿದದ್ದು ಎರಡು ನಿಮಿಷಕ್ಕೆ ತುಸು ಹೆಚ್ಚು. ಗೆರೆಗೆ ಎಂಟು ಗಜ, ಮೂರು ಎಸೆತ ವ್ಯರ್ಥವಾಗಿ ಉಳಿದದ್ದು ನಾಲ್ಕನೇ ಯತ್ನ. ಲಾಫ್ಲೋರ್ ಫೀಲ್ಡ್ ಗೋಲ್ ಒದೆಸಿದರು, 26-31 ಆಯಿತು. ಚೆಂಡು ರಾಜರ್ಸ್ ಕೈಗೆ ಮತ್ತೆ ಬರಲೇ ಇಲ್ಲ. ಈ ತೀರ್ಮಾನವನ್ನು ಆ ಗಳಿಗೆಯಲ್ಲಿ ನಿಂತು ನೋಡೋಣ.

1. ಒದೆಯುವ ಮೊದಲು ಒಂದು ಟಚ್‌ಡೌನ್, ಜೊತೆಗೆ ಎರಡು ಅಂಕ ಬೇಕಿತ್ತು, ಅದೂ ಸಮ ಮಾಡಿಕೊಳ್ಳಲು ಮಾತ್ರ. ಒದ್ದ ಮೇಲೆ ಟಚ್‌ಡೌನ್ ಒಂದೇ ಸಾಕು, ಅದು ಗೆಲುವನ್ನೇ ತರುತ್ತಿತ್ತು. ಒದೆತದ ಪರವಾದ ವಾದ ಇದು, ಮತ್ತು ಇದು ಪೊಳ್ಳಲ್ಲ. ಎರಡು ಅಂಕದ ಯತ್ನ ಸುಮಾರು ಅರ್ಧದಷ್ಟು ಸಲವಷ್ಟೇ ಫಲಿಸುತ್ತದೆ.

2. ಎರಡು ದಾರಿಯಲ್ಲೂ ಟಚ್‌ಡೌನ್ ಬೇಕೇ ಬೇಕಿತ್ತು. ಗೆರೆಗೆ ಎಂಟೇ ಗಜ ದೂರದಲ್ಲಿದ್ದ ಅವಕಾಶವನ್ನು ಬಿಟ್ಟು, ಮುಂದೆ ಇಡೀ ಮೈದಾನ ದಾಟಿ ಗಳಿಸಬೇಕಾದ ಅವಕಾಶವನ್ನು ಆರಿಸಿಕೊಂಡಂತಾಯಿತು.

3. ಯತ್ನಿಸಿ ವಿಫಲವಾಗಿದ್ದರೆ ಟಾಂಪಾ ತನ್ನದೇ ಗೆರೆಯಿಂದ ಎಂಟು ಗಜದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಪ್ಯಾಕರ್ಸ್ ಬಳಿ ಗಡಿಯಾರ ನಿಲ್ಲಿಸಲು ಮೂರು ಟೈಮ್‌ಔಟ್ ಇದ್ದವು, ಎರಡು ನಿಮಿಷದ ವಿರಾಮವೂ ಇತ್ತು. ಒದ್ದು ಚೆಂಡು ಒಪ್ಪಿಸಿದಾಗ ಎದುರಾಳಿಗೆ ಉಸಿರಾಡಲು ಜಾಗ ಸಿಕ್ಕಿತು.

ಈ ಮೂರನ್ನೂ ತೂಗಿ ನೋಡಿದರೆ ಯತ್ನಿಸುವುದೇ ಮೇಲಿತ್ತೆಂದು ನಾನು ಭಾವಿಸುತ್ತೇನೆ. ಆದರೆ ಎರಡು ದಾರಿಗಳಲ್ಲೂ ಗೆಲ್ಲುವ ಸಾಧ್ಯತೆ ಕಡಿಮೆಯೇ ಇತ್ತು. ಸಂಭಾವ್ಯತೆಯ ಲೆಕ್ಕ ಹಾಕುವ ಪರಿಣತರಲ್ಲೂ ಒಮ್ಮತವಿರಲಿಲ್ಲ. ಅಭಿಮಾನಿಗಳ ಮಾತಿನಲ್ಲಿ ಇದು ಗೆಲುವನ್ನು ಬಿಟ್ಟು ಸೋಲನ್ನು ಆರಿಸಿಕೊಂಡ ಕತೆಯಾಗುತ್ತದೆ. ನಿಜದಲ್ಲಿ ಇದು ಒಂದು ಸಣ್ಣ ಸಾಧ್ಯತೆಯ ಬದಲು ಅದಕ್ಕಿಂತ ತುಸು ಸಣ್ಣ ಸಾಧ್ಯತೆಯನ್ನು ಆರಿಸಿಕೊಂಡದ್ದು. ನಡೆಯದೆ ಹೋದ ನಾಲ್ಕನೇ ಯತ್ನ ಕಲ್ಪನೆಯಲ್ಲಿ ಪ್ರತಿ ಸಲವೂ ಟಚ್‌ಡೌನ್ ಆಗುತ್ತದೆ. ಅದಕ್ಕೂ ಮುಂಚಿನ ಮೂರು ಯತ್ನಗಳು ಏನಾದವು ಎಂಬುದು ಆ ಕಲ್ಪನೆಯಲ್ಲಿ ಬರುವುದೇ ಇಲ್ಲ.

ಕೊನೆಯ ಆಕ್ಷೇಪ ತಾತ್ವಿಕವಾದದ್ದು. ಆಟದಲ್ಲಿ ಲೆಕ್ಕಕ್ಕೆ ಬರುವುದು ಫಲಿತಾಂಶ ಮಾತ್ರ. ಕೋಚ್‌ಗೆ ಸಂಬಳ ಕೊಡುವುದು ಗೆಲ್ಲಲು, ಸರಿಯಾಗಿ ಯೋಚಿಸಲು ಅಲ್ಲ ಎನ್ನುವವರಿದ್ದಾರೆ. ನೂರಾರು ತೀರ್ಮಾನಗಳ ಒಟ್ಟು ಫಲದಿಂದ ಕೋಚ್ ಒಬ್ಬರನ್ನು ಅಳೆಯುವುದು ಸರಿ ಎಂದು ಒಪ್ಪುತ್ತೇನೆ. ಹಾಗೆ ಅಳೆದರೆ ಮೊದಲ ಮೂರು ಋತುಗಳಲ್ಲಿ 39 ಗೆಲುವು ಕಂಡ ಕೋಚ್ ಲೀಗಿನ ಚರಿತ್ರೆಯಲ್ಲಿ ಅದುವರೆಗೆ ಇನ್ನೊಬ್ಬರಿರಲಿಲ್ಲ. ಆದರೆ ಒಂದು ತೀರ್ಮಾನವನ್ನು ಅದರ ಒಂದೇ ಫಲದಿಂದ ಅಳೆದರೆ ಮುಂದಿನ ಸಲಕ್ಕೆ ಏನನ್ನೂ ಕಲಿಯಲಾಗದು: ಅದೃಷ್ಟದಿಂದ ಫಲಿಸಿದ ಮೂರ್ಖತನವನ್ನು ಮತ್ತೆ ಮಾಡುತ್ತೇವೆ, ದುರದೃಷ್ಟದಿಂದ ಕೆಟ್ಟ ವಿವೇಕವನ್ನು ಕೈಬಿಡುತ್ತೇವೆ. ತಂಡವನ್ನು ಪ್ರೀತಿಸುವವರಿಗೆ ಬೇಕಾದದ್ದು ಅದಲ್ಲ.

ಅದೇ ಟಾಂಪಾ ಪಂದ್ಯದಲ್ಲಿ, ಬಹಳ ಕಡಿಮೆ ಚರ್ಚೆಯಾದ ಇನ್ನೊಂದು ಗಳಿಗೆಯಿದೆ. ಮೊದಲರ್ಧ ಮುಗಿಯಲು ಎಂಟು ಸೆಕೆಂಡು. ಟಾಂಪಾ 14-10ರಿಂದ ಮುಂದಿದೆ, ಚೆಂಡೂ ಅದರ ಬಳಿಯೇ ಇದೆ. ಪ್ಯಾಕರ್ಸ್ ಗೆರೆ ಇನ್ನೂ 39 ಗಜ ದೂರ. ಆಗ ಪ್ಯಾಕರ್ಸ್ ಕಾಯಬೇಕಾಗಿದ್ದದ್ದು ಮುಖ್ಯವಾಗಿ ಒಂದನ್ನೇ: ಯಾರೂ ಹಿಂದಕ್ಕೆ ನುಸುಳಿ ಟಚ್‌ಡೌನ್ ಹಿಡಿಯದಂತೆ. ಕೆಲವು ಗಜ ಬಿಟ್ಟುಕೊಟ್ಟಿದ್ದರೆ ಹೆಚ್ಚೆಂದರೆ ದೂರದ ಫೀಲ್ಡ್ ಗೋಲ್, ಮೂರು ಅಂಕ. ರಕ್ಷಣಾ ಕೋಚ್ ಮೈಕ್ ಪೆಟೈನ್ ಕೊಟ್ಟ ಯೋಜನೆಯಲ್ಲಿ ರಕ್ಷಕ ಕೆವಿನ್ ಕಿಂಗ್ ಹಿಂದೆ ಯಾರ ಆಸರೆಯೂ ಇಲ್ಲದೆ ಸ್ಕಾಟಿ ಮಿಲ್ಲರ್ ಎಂಬ ವೇಗಿಯ ಎದುರು ಒಂಟಿಯಾದರು. ಟಾಂಪಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಎಸೆದರು, ಮಿಲ್ಲರ್ ಹಿಡಿದರು, 21-10. ಬ್ರೇಡಿ ಎಸೆತ ಗುರಿತಪ್ಪಿ ಚೆಂಡು ನೆಲಕ್ಕೆ ಬಿದ್ದಿದ್ದರೂ ಆ ಯೋಜನೆ ತಪ್ಪೇ ಆಗಿರುತ್ತಿತ್ತು, ಏಕೆಂದರೆ ಅದು ಸಣ್ಣ ನಷ್ಟಕ್ಕೆ ಹೆದರಿ ದೊಡ್ಡ ನಷ್ಟಕ್ಕೆ ಬಾಗಿಲು ತೆರೆದಿತ್ತು. ಪಂದ್ಯ ಮುಗಿದದ್ದು ಐದು ಅಂಕಗಳ ಅಂತರದಲ್ಲಿ. ಆ ದಿನ ಪ್ಯಾಕರ್ಸ್ ಪಡೆ ಮಾಡಿದ ಅತಿ ಕೆಟ್ಟ ತೀರ್ಮಾನ ಅದು. ಫೀಲ್ಡ್ ಗೋಲ್ ಅದಕ್ಕಿಂತ ಬಹಳ ಕೆಳಗಿನದು, ಒಂಬತ್ತು ತಿಂಗಳ ಹಿಂದೆ ಆರಿಸದೆ ಬಿಟ್ಟ ರಿಸೀವರ್ ಇನ್ನೂ ಕೆಳಗೆ.